ಒಂದು ಕೆಂದ ಕಡಸಿಗೆ ಯಾಕಿಷ್ಟು ಗಲಾಟೆ? ಜೆರುಸಲೇಮಿನ ಬೂದಿ ರಾಜಕೀಯ

ಆಗಾಗ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಓಡಾಡುತ್ತೆ. ಇಸ್ರೇಲಿನ ಯಾವುದೋ ದೊಡ್ಡಿಯಲ್ಲಿ ಕೆಂಪು ಬಣ್ಣದ ನಾಕೈದು ಕಡಸುಗಳು ಮೇವು ತಿಂತಾ ನಿಂತಿರ್ತವೆ, ಕೆಳಗೆ "ಮೂರನೇ ದೇವಾಲಯ ಕಟ್ಟೋಕೆ ಶುರು, ಲೋಕಾಂತ್ಯ ಹತ್ರ ಬಂತು" ಅಂತ ದಪ್ಪಕ್ಷರದಲ್ಲಿ ಬರ್ದಿರುತ್ತೆ. ಇನ್ನೊಂದು ಗ್ರೂಪಲ್ಲಿ ಅದೇ ವಿಡಿಯೋ, ಆದ್ರೆ "ಅಲ್-ಅಕ್ಸಾ ಮಸೀದಿ ಕೆಡವೋ ಸಂಚು" ಅಂತ. ಮೂರನೇ ಗ್ರೂಪಲ್ಲಿ "ಹಸು ಸುಡ್ತಾರಂತೆ, ಏನ್ ಕಾಲ ಬಂತಪ್ಪ" ಅಂತ. ಮಂಗಳೂರು, ಉಡುಪಿ ಕಡೆಯಿಂದ ಕೇರ್‌ಗಿವರ್ ಕೆಲಸಕ್ಕೆ ಇಸ್ರೇಲಿಗೆ ಹೋದೋರ ಮನೆಗಳಲ್ಲಿ ಇಂಥದ್ದು ಬಂದ್ರೆ ಬರೀ ಕುತೂಹಲ ಅಲ್ಲ, ಭಯಾನೂ ಆಗುತ್ತೆ, ಅಲ್ಲಿ ಮತ್ತೆ ಗಲಾಟೆ ಶುರುವಾಗುತ್ತಾ ಅಂತ.

ಈಗ ಅಲ್-ಅಕ್ಸಾ ಮಸೀದಿ ಇರೋ ಜೆರುಸಲೇಮಿನ ಬೆಟ್ಟದಲ್ಲಿ ಹಿಂದೆ ಯಹೂದಿಗಳ ಎರಡು ದೇವಾಲಯ ಒಂದಾದ ಮೇಲೊಂದು ನಿಂತು ನಾಶವಾದ್ವು, ಮೂರನೇದನ್ನ ಅಲ್ಲೇ ಕಟ್ಟಬೇಕು ಅನ್ನೋದು ಕೆಲವರ ಆಸೆ. ಆದ್ರೆ ಆ ದೇವಾಲಯದ ನೆಲ ತುಳಿಯೋಕೆ ಮೊದಲು ಕೆಂಪು ಕಡಸು ಸುಟ್ಟ ಬೂದಿಯಿಂದ ಶುದ್ಧರಾಗ್ಬೇಕು ಅನ್ನೋದು ಅವರ ಶಾಸ್ತ್ರ. ಇದು ಅರ್ಥ ಆಗ್ಬೇಕಾದ್ರೆ ಹಸುವಿಂದ ಶುರು ಮಾಡಿದ್ರೆ ಆಗಲ್ಲ. ಪ್ರಾಚೀನ ಇಸ್ರಾಯೇಲರು ದೇವರ ಜೊತೆ ಏನು ಒಪ್ಪಂದ ಮಾಡ್ಕೊಂಡ್ವಿ ಅಂತ ನಂಬಿದ್ರು, ಅವರ ಯಾಜಕರ ಕೆಲಸ ಏನಿತ್ತು, ಮೈಲಿಗೆ ಅಂದ್ರೆ ಅವರ ಲೆಕ್ಕದಲ್ಲಿ ಏನು, ಇಲ್ಲಿಂದ ಬರ್ಬೇಕು.

ಮೊದಲು, ಆಗಿದ್ದೇನು

2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನಿಂದ 5 ಕೆಂಪು ಕಡಸುಗಳನ್ನ ವಿಮಾನದಲ್ಲಿ ಇಸ್ರೇಲಿಗೆ ತಂದ್ರು. ತಂದಿದ್ದು ಇವ್ಯಾಂಜೆಲಿಕಲ್ ಕ್ರಿಶ್ಚಿಯನ್ನರ ನೆರವಿನಿಂದ, ಬೇಕಾಗಿದ್ದು ಜೆರುಸಲೇಮಿನ 'ಟೆಂಪಲ್ ಇನ್‌ಸ್ಟಿಟ್ಯೂಟ್' ಅನ್ನೋ ಯಹೂದಿ ಸಂಸ್ಥೆಗೆ. ಈ ಸಂಸ್ಥೆ 1987ರಿಂದ ಇದೆ, ಮೂರನೇ ದೇವಾಲಯಕ್ಕೆ ಬೇಕಾಗೋ ಪಾತ್ರೆ ಪಗಡ, ಯಾಜಕರ ಉಡುಪು, ಚಿನ್ನ ಹೊದಿಸಿದ ದೀಪಸ್ತಂಭ ಎಲ್ಲ ಮೊದಲೇ ಮಾಡಿಸಿ ಇಟ್ಕೊಂಡಿದೆ. ಕಡಸುಗಳಲ್ಲಿ ಕೆಲವನ್ನ ವೆಸ್ಟ್ ಬ್ಯಾಂಕ್‌ನ ಶೀಲೋ ಅನ್ನೋ ಜಾಗದಲ್ಲಿ ಇಟ್ರು. ಬೈಬಲ್ ಪ್ರಕಾರ ಜೆರುಸಲೇಮಿಗೆ ಮುಂಚೆ ದೇವರ ಗುಡಾರ ನಿಂತಿದ್ದ ಊರು ಅದು, ಹಂಗಾಗಿ ಅದೇನು ಸುಮ್ನೆ ಸಿಕ್ಕ ಕೊಟ್ಟಿಗೆ ಅಲ್ಲ.

2023ರ ಅಕ್ಟೋಬರ್ 7ಕ್ಕೆ ಹಮಾಸ್ ದಾಳಿ ಆಯ್ತು, ಅದಕ್ಕೆ ಅವರು ಇಟ್ಟ ಹೆಸರೇ 'ಅಲ್-ಅಕ್ಸಾ ಪ್ರವಾಹ'. ಯುದ್ಧಕ್ಕೆ 100 ದಿನ ಆದಾಗ, 2024ರ ಜನವರಿಯಲ್ಲಿ, ಹಮಾಸ್ ವಕ್ತಾರ ಅಬು ಉಬೈದಾ ಭಾಷಣದಲ್ಲಿ ಕಾರಣಗಳನ್ನ ಹೇಳ್ತಾ ಕೆಂಪು ಹಸುಗಳನ್ನ ತಂದಿದ್ದನ್ನೂ ಸೇರಿಸಿದ. ಅಲ್ಲಿಂದ ಪ್ರಪಂಚದ ಟಿವಿ ಚಾನೆಲ್‌ಗಳೆಲ್ಲ ದೊಡ್ಡಿ ಹುಡುಕ್ಕೊಂಡು ಹೋದ್ವು. ಹಂಗಂತ ಹಸುವಿಂದ ಯುದ್ಧ ಆಯ್ತು ಅಂತ ಹೇಳೋದು ತಪ್ಪು, ಗಾಜಾ ದಿಗ್ಬಂಧನ, ವೆಸ್ಟ್ ಬ್ಯಾಂಕ್ ಆಕ್ರಮಣ, ಕೈದಿಗಳ ವಿಚಾರ, ಪ್ರಾದೇಶಿಕ ರಾಜಕೀಯ ಅಂತ ಅದಕ್ಕೆ ನೂರು ಬೇರು ಇದೆ. ಆದ್ರೆ ಆ ಪಟ್ಟಿಯಲ್ಲಿ ಒಂದು ಹಸುವಿಗೂ ಜಾಗ ಸಿಕ್ಕಿತು ಅನ್ನೋದೇ ವಿಚಿತ್ರ ಅಲ್ವಾ.

2025ರಲ್ಲಿ ಅನರ್ಹ ಅಂತ ಆದ ಒಂದು ಕಡಸನ್ನ ಸುಟ್ಟು ಪ್ರಾಕ್ಟೀಸ್ ಮಾಡಿದ್ರು ಅನ್ನೋ ಸುದ್ದಿ ಬಂತು. ಅದೇ ವರ್ಷ ಆಗಸ್ಟ್ 3ಕ್ಕೆ, ಎರಡೂ ದೇವಾಲಯ ನಾಶವಾದ ದುಃಖಕ್ಕೆ ಯಹೂದಿಗಳು ಉಪವಾಸ ಮಾಡೋ ದಿನ, ಇಸ್ರೇಲಿನ ಸಚಿವ ಬೆನ್-ಗ್ವಿರ್ ಅಲ್-ಅಕ್ಸಾ ಆವರಣಕ್ಕೆ ಹೋಗಿ ಬಹಿರಂಗವಾಗಿ ಪ್ರಾರ್ಥನೆ ಮಾಡಿದ್ರು. ನೆತನ್ಯಾಹು ಕಚೇರಿ ಎಂದಿನಂತೆ "ವ್ಯವಸ್ಥೆ ಏನೂ ಬದಲಾಗಿಲ್ಲ" ಅಂತು. ಈ ಎರಡು ಸುದ್ದಿ ಬೇರೆಬೇರೆ ಥರ ಕಾಣುತ್ತೆ, ಆದ್ರೆ ಎರಡಕ್ಕೂ ಬೇರು ಒಂದೇ.

ಒಡಂಬಡಿಕೆ ಅಂದ್ರೆ ಬರೀ ಭಕ್ತಿ ಅಲ್ಲ

ಹೀಬ್ರೂ ಭಾಷೆಯಲ್ಲಿ ಒಡಂಬಡಿಕೆಗೆ 'ಬೆರೀತ್' ಅಂತಾರೆ, ಮತ್ತೆ ಒಡಂಬಡಿಕೆ 'ಮಾಡೋದು' ಅಲ್ಲ, 'ಕಡಿಯೋದು'. ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದ 15ನೇ ಅಧ್ಯಾಯದಲ್ಲಿ ಅಬ್ರಹಾಮ ಪ್ರಾಣಿಗಳನ್ನ ಎರಡು ಹೋಳು ಮಾಡಿ ಎದುರು ಬದುರು ಇಡ್ತಾನೆ, ಮಧ್ಯದಲ್ಲಿ ಬೆಂಕಿ ಹಾದು ಹೋಗುತ್ತೆ. ಪ್ರವಾದಿ ಯೆರೆಮೀಯನ ಪುಸ್ತಕ ಓದಿದ್ರೆ ಇದರ ಅರ್ಥ ಗೊತ್ತಾಗುತ್ತೆ, ಮಾತಿಗೆ ತಪ್ಪಿದ್ರೆ ಈ ಪ್ರಾಣಿಗೆ ಆದ ಗತಿ ನನಗೂ ಆಗ್ಲಿ ಅನ್ನೋ ಆಣೆ ಅದು. ಕೈ ಮೇಲೆ ಕೈ ಇಟ್ಟು ಭಾಷೆ ಕೊಡೋದಕ್ಕಿಂತ ಬಹಳ ಭಯಂಕರ.

ಇದಕ್ಕೆ ಆ ಕಾಲದ ರಾಜಕೀಯದಲ್ಲೇ ಮಾದರಿ ಇತ್ತು. ಕ್ರಿ.ಪೂ. 672ರಲ್ಲಿ ಅಸ್ಸೀರಿಯಾದ ದೊರೆ ಏಸರ್ಹದ್ದೋನ ತನ್ನ ಸಾಮಂತರಿಂದ ಆಣೆ ಮಾಡಿಸ್ಕೊಂಡ, ನನ್ನ ನಂತರ ಮಗ ಅಶ್ಶೂರ್ಬನಿಪಾಲನಿಗೆ ನಿಷ್ಠರಾಗಿರ್ಬೇಕು, ಅವನನ್ನ ನಿಮ್ಮ ಪ್ರಾಣದ ಹಾಗೆ ಪ್ರೀತಿಸ್ಬೇಕು, ತಪ್ಪಿದ್ರೆ ಇಂತಿಂಥ ಶಾಪ ತಟ್ಟುತ್ತೆ ಅಂತ. ಆ ಮಣ್ಣಿನ ಫಲಕಗಳು 1955ರಲ್ಲಿ ಇರಾಕಿನ ನಿಮ್ರೂದ್‌ನಲ್ಲಿ ಸಿಕ್ಕವು. ಅದರ ಶಾಪಗಳನ್ನೂ ಧರ್ಮೋಪದೇಶಕಾಂಡದ 28ನೇ ಅಧ್ಯಾಯದ ಶಾಪಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ ವಿದ್ವಾಂಸರಿಗೆ ಎಷ್ಟೋ ಕಡೆ ಅದೇ ಮಾತು, ಅದೇ ಸಾಲು ಕಂಡಿತು. ಯೆಹೂದ ರಾಜ್ಯ ಆಗ ಅಸ್ಸೀರಿಯಾದ ಕಪ್ಪ ಕಟ್ಟೋ ಸಾಮಂತ. ಅಂದ್ರೆ ಸಾಮ್ರಾಟನಿಗೆ ಸಲ್ಲಬೇಕಿದ್ದ ನಿಷ್ಠೆಯ ಭಾಷೆಯನ್ನೇ ಎತ್ಕೊಂಡು ದೇವರಿಗೆ ಸಲ್ಲಿಸಿದ್ರು. ನಮ್ಮ ಚಕ್ರವರ್ತಿ ನೀನಲ್ಲ, ಯೆಹೋವ ಅಂತ. ಇದು ಒಳ್ಳೇ ಧೈರ್ಯದ ಮಾತೇ.

ಈ ಒಪ್ಪಂದದ ಫಲ ಏನು ಅಂದ್ರೆ ದೇವರು ಅವರ ನಡುವೆಯೇ ವಾಸ ಮಾಡ್ತಾನೆ ಅನ್ನೋದು. ಮೊದಲು ದೇವದರ್ಶನದ ಗುಡಾರ, ಆಮೇಲೆ ದೇವಾಲಯ. ಅದರ ಅತಿ ಒಳಗಿನ ಕೋಣೆಯಲ್ಲಿ ಮಂಜೂಷ, ಮಂಜೂಷದ ಒಳಗೆ ವಿಗ್ರಹ ಇಲ್ಲ, ಆಜ್ಞೆಗಳ ಕಲ್ಲಿನ ಹಲಗೆಗಳು, ಅಂದ್ರೆ ಒಪ್ಪಂದದ ಪತ್ರ. ಇಲ್ಲಿಂದ ಮುಂದಿನದೆಲ್ಲ ಸಾಲಾಗಿ ಬರುತ್ತೆ, ದೇವರು ಅಲ್ಲಿ ವಾಸ ಮಾಡ್ಬೇಕಾದ್ರೆ ಮನೆ ಶುದ್ಧ ಇರ್ಬೇಕು, ಜನರ ಪಾಪ, ಮೈಲಿಗೆ ಎಲ್ಲ ದೂಳಿನ ಥರ ಆ ಮನೆ ಮೇಲೆ ಕೂರುತ್ತೆ, ತೆಗೀದೆ ಬಿಟ್ರೆ ಒಂದಿನ ದೇವರು ಎದ್ದು ಹೋಗ್ತಾನೆ. ಪ್ರವಾದಿ ಯೆಹೆಜ್ಕೇಲನ ದರ್ಶನದಲ್ಲಿ ಹಂಗೇ ಆಗುತ್ತೆ, ದೇವರ ತೇಜಸ್ಸು ದೇವಾಲಯ ಬಿಟ್ಟು ಪೂರ್ವದ ಬೆಟ್ಟದ ಕಡೆ ಹೊರಡುತ್ತೆ. ಆ ದೂಳು ಹೊಡೆಯೋಕೆ ಒಂದು ಕುಲವನ್ನೇ ನೇಮಿಸಿದ್ರು.

ಯಾಜಕರು: ಜಮೀನಿಲ್ಲದ ಕುಲ

12 ಕುಲಗಳಿಗೆ ನೆಲ ಹಂಚಿದಾಗ ಲೇವಿ ಕುಲಕ್ಕೆ ಸೀಮೆ ಅಂತ ಕೊಡ್ಲಿಲ್ಲ. ವಾಸಕ್ಕೆ ಅಲ್ಲಲ್ಲಿ ಒಂದಷ್ಟು ಊರು, ಹೊಟ್ಟೆಪಾಡಿಗೆ ಬೇರೆ ಕುಲದವರು ಕೊಡೋ ದಶಮಾಂಶ. ಲೇವಿಯರಲ್ಲೇ ಮೋಶೆಯ ಅಣ್ಣ ಆರೋನನ ವಂಶದವರು ಮಾತ್ರ ಯಾಜಕರು, ಹೀಬ್ರೂನಲ್ಲಿ ಕೊಹೆನ್. ಬಲಿಯಲ್ಲಿ ಅವರಿಗೆ ಪಾಲು ಇತ್ತು. ಅಂಗದಲ್ಲಿ ಊನ ಇದ್ದೋರು ಬಲಿಪೀಠದ ಹತ್ರ ಬರೋಹಾಗಿಲ್ಲ, ಆದ್ರೆ ಪಾಲು ತಿನ್ನಬಹುದಿತ್ತು. ಹತ್ತಿರದ ರಕ್ತಸಂಬಂಧಿ ಬಿಟ್ರೆ ಬೇರೆ ಹೆಣ ಮುಟ್ಟಂಗಿಲ್ಲ, ಮಹಾಯಾಜಕನಿಗಂತೂ ತನ್ನ ಅಪ್ಪ ಅಮ್ಮ ಸತ್ರೂ ಹತ್ರ ಹೋಗೋ ಹಾಗಿಲ್ಲ.

ಇಲ್ಲಿ ಬಹಳ ಜನ ಗೊಂದಲ ಮಾಡ್ಕೊಳ್ಳೋ ವಿಷಯ, ರಬ್ಬಿ (ಯಹೂದಿ ಧರ್ಮಗುರು) ಬೇರೆ ಕೊಹೆನ್ ಬೇರೆ. ರಬ್ಬಿ ಓದಿ ಆಗೋದು, ಕೊಹೆನ್ ಹುಟ್ಟಿ ಆಗೋದು. ಇವತ್ತು ಒಬ್ಬ ಕೊಹೆನ್ ಟ್ಯಾಕ್ಸಿ ಓಡಿಸ್ತಿರಬಹುದು, ಸಾಫ್ಟ್‌ವೇರ್ ಬರೀತಿರಬಹುದು, ದೇವರನ್ನ ನಂಬದೇ ಇರೋನೂ ಆಗಿರಬಹುದು, ಆದ್ರೆ ಅವನು ಕೊಹೆನ್ನೇ. ಸಿನಗಾಗ್‌ನಲ್ಲಿ, ಅಂದ್ರೆ ಯಹೂದಿ ಪ್ರಾರ್ಥನಾಮಂದಿರದಲ್ಲಿ, ಧರ್ಮಶಾಸ್ತ್ರ ಓದೋಕೆ ಮೊದಲ ಕರೆ ಅವನಿಗೆ, ಆಶೀರ್ವಾದ ಹೇಳೋದೂ ಅವನೇ. ಆ ಆಶೀರ್ವಾದದ ಮಾತುಗಳು ಕೆತ್ತಿರೋ ಎರಡು ಪುಟಾಣಿ ಬೆಳ್ಳಿ ಸುರುಳಿಗಳು 1979ರಲ್ಲಿ ಜೆರುಸಲೇಮಿನ ಒಂದು ಸಮಾಧಿ ಗುಹೆಯಲ್ಲಿ ಸಿಕ್ಕವು, ಸುಮಾರು 2,600 ವರ್ಷ ಹಳೇದು. ನಮ್ಮ ಕೈಗೆ ಸಿಕ್ಕಿರೋ ಬೈಬಲ್ ಮಾತುಗಳಲ್ಲಿ ಅದಕ್ಕಿಂತ ಹಳೇ ಬರಹ ಇಲ್ಲ.

ಹಳೇ ನಿಯಮ ಇವತ್ತಿನ ಜೀವನಕ್ಕೂ ಕೈ ಹಾಕುತ್ತೆ. ಕೊಹೆನ್ ಆದೋನು ವಿಚ್ಛೇದಿತೆಯನ್ನ ಮದುವೆ ಆಗೋ ಹಾಗಿಲ್ಲ. ಇಸ್ರೇಲಿನಲ್ಲಿ ಯಹೂದಿಗಳ ಮದುವೆ ರಬ್ಬಿಗಳ ಕೈಲಿ ಇದೆ, ಸಿವಿಲ್ ಮ್ಯಾರೇಜ್ ಇಲ್ಲ, ಹಾಗಾಗಿ ಇಂಥ ಜೋಡಿಗಳು ಸೈಪ್ರಸ್‌ಗೆ ಹಾರಿ ಮದುವೆ ಆಗಿ ಬಂದು ರಿಜಿಸ್ಟರ್ ಮಾಡಿಸ್ಕೊಳ್ತಾರೆ. ದೇವಾಲಯ ಬಿದ್ದು 1,900 ವರ್ಷ ದಾಟಿದೆ, ಅಲ್ಲಿನ ಸಿಬ್ಬಂದಿ ನಿಯಮ ಮಾತ್ರ ಜಾರಿಯಲ್ಲಿದೆ.

ಹೆಣದ ಮೈಲಿಗೆ, ಬೂದಿ ನೀರು

ಈಗ ಕಡಸಿನ ವಿಷಯಕ್ಕೆ ಬರೋಣ. ಮೈಲಿಗೆ ಅಂದ್ರೆ ಪಾಪ ಅಲ್ಲ, ಸೂತಕ ಅನ್ನೋ ಪದ ಗೊತ್ತಿರೋ ನಮಗೆ ಇದನ್ನ ಬಹಳ ವಿವರಿಸಬೇಕಾಗಿಲ್ಲ. ಹೆಣ ಮುಟ್ಟಿದ್ರೆ, ಹೆಣ ಇರೋ ಮನೆಯೊಳಗೆ ಹೋದ್ರೆ, ಸಮಾಧಿ ತುಳಿದ್ರೆ ಮೈಲಿಗೆ. ಬೇರೆ ಎಷ್ಟೋ ಮೈಲಿಗೆ ಸ್ನಾನದಿಂದ, ಸಂಜೆವರೆಗೆ ಕಾಯೋದ್ರಿಂದ ಹೋಗುತ್ತೆ, ಹೆಣದ್ದು ಮಾತ್ರ ಹೋಗಲ್ಲ. ಅದಕ್ಕೆ ಅರಣ್ಯಕಾಂಡದ 19ನೇ ಅಧ್ಯಾಯ ಒಂದೇ ಮದ್ದು ಹೇಳುತ್ತೆ, ಊನ ಇಲ್ಲದ, ನೊಗ ಹೊರದ ಕೆಂದ ಕಡಸನ್ನ ಪಾಳೆಯದ ಹೊರಗೆ ಕೊಯ್ದು, ದೇವದಾರು, ಹಿಸ್ಸೋಪ್ ಗಿಡ, ಕಡುಗೆಂಪು ದಾರ ಹಾಕಿ ಪೂರ್ತಿ ಸುಟ್ಟು, ಬೂದಿಯನ್ನ ಹರಿಯೋ ನೀರಿಗೆ ಬೆರೆಸಿ, ಮೈಲಿಗೆಯಾದವನ ಮೇಲೆ 3ನೇ ದಿನ ಮತ್ತೆ 7ನೇ ದಿನ ಚಿಮುಕಿಸ್ಬೇಕು.

ತಮಾಷೆ ಏನಂದ್ರೆ ಈ ಬೂದಿ ಮೈಲಿಗೆ ಆದವನನ್ನ ಶುದ್ಧ ಮಾಡುತ್ತೆ, ಆದ್ರೆ ಅದನ್ನ ತಯಾರು ಮಾಡೋ ಶುದ್ಧ ಯಾಜಕನನ್ನ ಸಂಜೆವರೆಗೆ ಮೈಲಿಗೆ ಮಾಡುತ್ತೆ. ಸೊಲೊಮೋನನಂಥ ಜ್ಞಾನಿಗೂ ಇದು ಬಗೆಹರೀಲಿಲ್ಲ ಅಂತ ಯಹೂದಿ ಪರಂಪರೆಯೇ ಹೇಳುತ್ತೆ.

ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಗ್ರಹವಾದ ಮಿಶ್ನಾದಲ್ಲಿ (ರಬ್ಬಿಗಳ ಧರ್ಮನಿಯಮಗಳ ಸಂಕಲನ) ಈ ಕಡಸಿಗೇ ಒಂದು ಪೂರ್ತಿ ಭಾಗ ಇದೆ, ಮತ್ತೆ ಅದರಲ್ಲಿರೋ ವಿವರ ಓದಿದ್ರೆ ತಲೆ ಗಿರ್ ಅನ್ನುತ್ತೆ. ಬೇರೆ ಬಣ್ಣದ ಎರಡು ಕೂದಲು ಒಂದೇ ಕಡೆ ಇದ್ರೂ ಕಡಸು ಅನರ್ಹ. ಅದರ ಬೆನ್ನ ಮೇಲೆ ಭಾರ ಹಾಕಿದ್ರೂ ಮುಗೀತು. ಬೂದಿಗೆ ನೀರು ತರೋರು ಹುಟ್ಟಿದಾಗಿಂದ ಹೆಣದ ಮೈಲಿಗೆ ಸೋಕದವರಾಗಿರ್ಬೇಕು, ಅದಕ್ಕೆ ಜೆರುಸಲೇಮಲ್ಲಿ ಬಂಡೆ ಮೇಲೆ ಅಂಗಳಗಳನ್ನ ಕಟ್ಟಿ, ಕೆಳಗೆ ಟೊಳ್ಳು ಬಿಟ್ಟು (ಅಡಿಯಲ್ಲಿ ಯಾವುದಾದ್ರೂ ಹಳೇ ಸಮಾಧಿ ಇದ್ರೆ ಅದರ ಮೈಲಿಗೆ ಮೇಲೆ ಬರ್ಬಾರ್ದಲ್ಲ), ಗರ್ಭಿಣಿಯರನ್ನ ಅಲ್ಲಿಗೆ ಕರೆತಂದು ಹೆರಿಗೆ ಮಾಡಿಸಿ, ಮಕ್ಕಳನ್ನ ಅಲ್ಲೇ ಬೆಳೆಸ್ತಿದ್ರಂತೆ. ನೀರು ತರೋ ದಿನ ಎತ್ತುಗಳ ಬೆನ್ನ ಮೇಲೆ ಬಾಗಿಲ ಹಲಗೆ ಕಟ್ಟಿ, ಅದರ ಮೇಲೆ ಈ ಮಕ್ಕಳನ್ನ ಕೂರಿಸಿ, ಕೈಗೆ ಕಲ್ಲಿನ ಬಟ್ಟಲು ಕೊಟ್ಟು ಸಿಲೋವ ಕೊಳಕ್ಕೆ ಕರ್ಕೊಂಡು ಹೋಗ್ತಿದ್ರು. ನಿಜವಾಗ್ಲೂ ಹೀಗೇ ನಡೀತಿತ್ತೋ, ನಂತರದವರ ಆದರ್ಶ ಚಿತ್ರವೋ ಅನ್ನೋ ಚರ್ಚೆ ಇದೆ. ಏನೇ ಇರ್ಲಿ, ಇವತ್ತಿನ ಸಂಘಟನೆಗಳಿಗೆ ಈ ಪಠ್ಯವೇ ಮ್ಯಾನ್ಯುಯಲ್.

ಎಷ್ಟು ಅಪರೂಪ ಅಂದ್ರೆ, 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ಲೆಕ್ಕದಲ್ಲಿ ಮೋಶೆಯಿಂದ ಎರಡನೇ ದೇವಾಲಯ ಬೀಳೋವರೆಗೆ ಆಗಿದ್ದು ಬರೀ 9 ಕಡಸು. 10ನೇದನ್ನ ಮಾಡೋನು ಮೆಸ್ಸೀಯ, ಅಂದ್ರೆ ಯಹೂದಿಗಳು ಕಾಯ್ತಿರೋ ರಕ್ಷಕ. ಈ ಒಂದು ಸಾಲೇ "ಕೆಂಪು ಹಸು ಸಿಕ್ತು ಅಂದ್ರೆ ಮೆಸ್ಸೀಯ ಬಂದ" ಅನ್ನೋ ಉತ್ಸಾಹಕ್ಕೂ, "ಮೆಸ್ಸೀಯ ಬರೋವರೆಗೆ ನೀವ್ಯಾಕೆ ಕೈ ಹಾಕ್ತೀರಿ" ಅನ್ನೋ ವಿರೋಧಕ್ಕೂ ಆಧಾರ.

ಅಂದ ಹಾಗೆ ಮುಸ್ಲಿಮರಿಗೂ ಈ ಕಥೆ ಹೊಸದಲ್ಲ. ಕುರಾನಿನ ಅತಿ ದೊಡ್ಡ ಅಧ್ಯಾಯದ ಹೆಸರೇ ಅಲ್-ಬಕರಾ, ಅಂದ್ರೆ ಹಸು. ಅದರಲ್ಲಿ ಮೂಸಾ (ಮೋಶೆಯೇ) ತನ್ನ ಜನಕ್ಕೆ ಹಸು ಬಲಿ ಕೊಡಿ ಅಂತಾನೆ, ಅವರು ಎಂಥ ಹಸು, ಯಾವ ಬಣ್ಣ ಅಂತ ಕೇಳ್ತಾನೇ ಇರ್ತಾರೆ, ಕೊನೆಗೆ ಉಳುಮೆಗೆ ಹೂಡದ, ಕಲೆ ಇಲ್ಲದ ಹೊಳೆಯೋ ಹಳದಿ ಹಸು ಅಂತ ಉತ್ತರ ಬರುತ್ತೆ.

ಒಂದೇ ಗುಡಿ ಅನ್ನೋದು ಮೊದಲಿಂದ ಇತ್ತಾ?

ಇರ್ಲಿಲ್ಲ. ಜೆರುಸಲೇಂ ಬಿಟ್ರೆ ಬೇರೆಲ್ಲೂ ಬಲಿ ಕೊಡಬಾರದು ಅನ್ನೋ ನಿಯಮ ಈಗಿನ ಇಡೀ ಜಗಳದ ಅಡಿಗಲ್ಲು, ಆದ್ರೆ ಅದು ಇತಿಹಾಸದಲ್ಲಿ ನಿಧಾನಕ್ಕೆ ಗಟ್ಟಿಯಾಗಿದ್ದು. ದಕ್ಷಿಣದ ಅರಾದ್ ಕೋಟೆಯಲ್ಲಿ ಯೆಹೂದ ರಾಜ್ಯದವರದ್ದೇ ಒಂದು ಚಿಕ್ಕ ಗುಡಿ ಅಗೆತದಲ್ಲಿ ಸಿಕ್ಕಿದೆ. ಅಲ್ಲಿನ ಎರಡು ಧೂಪವೇದಿಗಳ ಮೇಲೆ ಅಂಟಿದ್ದ ಕರಿಯನ್ನ ಪರೀಕ್ಷೆ ಮಾಡಿದಾಗ ಒಂದರಲ್ಲಿ ಸಾಂಬ್ರಾಣಿ, ಇನ್ನೊಂದರಲ್ಲಿ ಗಾಂಜಾ ಇತ್ತು ಅಂತ 2020ರಲ್ಲಿ ಪ್ರಕಟ ಆಯ್ತು. ಬೇರ್ಷೆಬದಲ್ಲಿ ಕೊಂಬಿನ ಬಲಿಪೀಠದ ಕಲ್ಲುಗಳು ಸಿಕ್ಕಿವೆ. ಉತ್ತರದಲ್ಲಿ ಬೇತೇಲ್, ದಾನ್ ಅಂತ ದೊಡ್ಡ ಕ್ಷೇತ್ರಗಳಿದ್ವು.

ಕ್ರಿ.ಪೂ. 622ರ ಸುಮಾರಿಗೆ ಅರಸ ಯೋಷೀಯ, ದೇವಾಲಯದ ರಿಪೇರಿ ವೇಳೆ ಧರ್ಮಶಾಸ್ತ್ರದ ಪುಸ್ತಕ ಸಿಕ್ಕಿತು ಅಂತ ಹೇಳಿ, ಊರೂರಿನ ಪೂಜಾಸ್ಥಳಗಳನ್ನ ಕೆಡವಿಸಿ ಎಲ್ಲವನ್ನೂ ಜೆರುಸಲೇಮಿಗೆ ತಂದ. ಧರ್ಮ ಸುಧಾರಣೆ ಹೌದು, ಅಧಿಕಾರ ಮತ್ತೆ ಕಾಣಿಕೆ ಎರಡೂ ರಾಜಧಾನಿಗೆ ಸೇರಿದ್ದೂ ಹೌದು. ಅಷ್ಟಾದ್ರೂ ಕ್ರಿ.ಪೂ. 5ನೇ ಶತಮಾನದಲ್ಲಿ ಈಜಿಪ್ಟಿನ ಎಲಿಫೆಂಟೈನ್ ದ್ವೀಪದಲ್ಲಿ ಯಹೂದಿ ಸೈನಿಕರು ತಮ್ಮದೇ ದೇವಾಲಯ ಇಟ್ಕೊಂಡಿದ್ರು, ಅದು ನಾಶ ಆದಾಗ ಮತ್ತೆ ಕಟ್ಟೋಕೆ ಸಹಾಯ ಮಾಡಿ ಅಂತ ಜೆರುಸಲೇಮಿಗೇ ಕಾಗದ ಬರ್ದಿದ್ರು! ಇನ್ನು ತಾವೂ ಪ್ರಾಚೀನ ಇಸ್ರಾಯೇಲರ ವಂಶದವರೇ ಅನ್ನೋ ಸಮಾರ್ಯದವರಿಗೆ ಪವಿತ್ರ ಬೆಟ್ಟ ಜೆರುಸಲೇಂ ಅಲ್ಲವೇ ಅಲ್ಲ, ನಾಬ್ಲುಸ್ ಹತ್ರದ ಗೆರಿಜೀಮ್. ಈಗ ಸಾವಿರ ಜನಾನೂ ಇಲ್ಲದ ಈ ಸಮುದಾಯ ಪ್ರತಿವರ್ಷ ಪಸ್ಕ ಹಬ್ಬಕ್ಕೆ ಆ ಬೆಟ್ಟದ ಮೇಲೆ ಕುರಿ ಕೊಯ್ದು ಗುಂಡಿಯಲ್ಲಿ ಸುಡ್ತಾರೆ, ಟೂರಿಸ್ಟುಗಳು ಬಂದು ಫೋಟೋ ತೆಗೀತಾರೆ, ಯಾವ ದೇಶವೂ ತುರ್ತು ಸಭೆ ಕರೆಯಲ್ಲ. ಬಲಿಯಿಂದ ಸಮಸ್ಯೆ ಆಗ್ತಿಲ್ಲ, ಸಮಸ್ಯೆ ಆಗ್ತಿರೋದು ಜಾಗದಿಂದ.

70ರ ನಂತರ ಆದ ಜಾಣತನ

ಮೊದಲ ದೇವಾಲಯ ಬಾಬಿಲೋನಿನವರಿಂದ ಕ್ರಿ.ಪೂ. 586ರ ಸುಮಾರಿಗೆ ಬಿತ್ತು, ಎರಡನೇದು ರೋಮನ್ನರಿಂದ ಕ್ರಿ.ಶ. 70ರಲ್ಲಿ. ಆಮೇಲೆ ರಬ್ಬಿಗಳು ಮಾಡಿದ ಕೆಲಸ ದೊಡ್ಡದು, ಬಲಿಯ ಜಾಗದಲ್ಲಿ ಪ್ರಾರ್ಥನೆ, ಅಧ್ಯಯನ, ದಾನ ತಂದು ಕೂರಿಸಿದ್ರು. ಇಲ್ದಿದ್ರೆ ಆ ಧರ್ಮ ಅಲ್ಲಿಗೇ ಮುಗೀತಿತ್ತು. ಆದ್ರೆ ಬಲಿಯ ನಿಯಮಗಳನ್ನ ಅಳಿಸ್ಲಿಲ್ಲ, ಬಾಯಿಪಾಠ ಮಾಡಿ ಕಪಾಟಲ್ಲಿಟ್ರು, ದೇವಾಲಯ ಮತ್ತೆ ಕಟ್ಟಲಿ ಅಂತ ದಿನಕ್ಕೆ ಮೂರು ಹೊತ್ತು ಪ್ರಾರ್ಥನೆಯಲ್ಲಿ ಸೇರಿಸಿದ್ರು. ಹಂಬಲ ಇರ್ಲಿ, ಕೆಲಸ ಬೇಡ, ಈ ಸಮತೋಲ 1,900 ವರ್ಷ ನಡೀತು.

ಇನ್ನೊಂದು ಕಡೆ ಹಳೇ ಬೂದಿ ಖಾಲಿ ಆಯ್ತು. ಹೆಣದ ಮೈಲಿಗೆ ಆಸ್ಪತ್ರೆ, ಸ್ಮಶಾನ ಅಂತ ಎಲ್ಲ ಕಡೆ ಹರಡೋದ್ರಿಂದ ಈಗ ಬದುಕಿರೋ ಪ್ರತಿ ಯಹೂದಿಯೂ ಮೈಲಿಗೆಯಲ್ಲೇ ಇದ್ದಾನೆ ಅಂತ ಲೆಕ್ಕ. ಮೈಲಿಗೆಯವನು ದೇವಾಲಯದ ಒಳಭಾಗ ಇದ್ದ ನೆಲ ತುಳಿದ್ರೆ ಘೋರ ಅಪರಾಧ. ಆ ಒಳಭಾಗ ಸರಿಯಾಗಿ ಎಲ್ಲಿತ್ತು ಅನ್ನೋದ್ರಲ್ಲೇ ಒಮ್ಮತ ಇಲ್ಲ, ಹಾಗಾಗಿ ಆ ಬೆಟ್ಟಕ್ಕೇ ಹೋಗ್ಬೇಡಿ ಅಂದ್ರು.

1967: ಎರಡು ಬೀಗ

ಆ ಬೆಟ್ಟ ಅಂದ್ರೆ ಸುಮಾರು 35 ಎಕರೆ ಜಾಗ. ಯಹೂದಿಗಳಿಗೆ ದೇವಾಲಯದ ಬೆಟ್ಟ, ಮುಸ್ಲಿಮರಿಗೆ ಹರಮ್ ಅಲ್-ಷರೀಫ್. 7ನೇ ಶತಮಾನದ ಕೊನೆಗೆ ಕಟ್ಟಿದ ಚಿನ್ನದ ಗುಮ್ಮಟ, ಅಲ್-ಅಕ್ಸಾ ಮಸೀದಿ ಎರಡೂ ಅಲ್ಲೇ. 1967ರ ಜೂನ್ ಯುದ್ಧದಲ್ಲಿ ಇಸ್ರೇಲ್ ಅದನ್ನ ವಶ ಮಾಡ್ಕೊಂಡಾಗ ಸೈನಿಕರು ಗುಮ್ಮಟದ ಮೇಲೆ ಬಾವುಟ ಹಾರಿಸಿದ್ರು, ರಕ್ಷಣಾ ಸಚಿವ ಮೋಶೆ ದಯಾನ್ ಅದನ್ನ ಇಳಿಸೋಕೆ ಹೇಳಿದ್ರು. ಒಳಗಿನ ಆಡಳಿತ ಜೋರ್ಡಾನಿನ ಕೈಯಲ್ಲಿರೋ ವಕ್ಫ್‌ಗೆ, ಹೊರಗಿನ ಭದ್ರತೆ ಇಸ್ರೇಲಿಗೆ, ಯಹೂದಿಗಳು ನೋಡೋಕೆ ಬರಬಹುದು ಆದ್ರೆ ಪ್ರಾರ್ಥನೆ ಮಾಡಂಗಿಲ್ಲ, ಅಂತ ವ್ಯವಸ್ಥೆ ಆಯ್ತು. 1994ರ ಇಸ್ರೇಲ್-ಜೋರ್ಡಾನ್ ಶಾಂತಿ ಒಪ್ಪಂದದಲ್ಲೂ ಜೋರ್ಡಾನಿನ ವಿಶೇಷ ಪಾತ್ರವನ್ನ ಗೌರವಿಸ್ತೀವಿ ಅಂತ ಬರೆದ್ರು.

ಇದು ಸರ್ಕಾರದ ಬೀಗ. ಎರಡನೇ ಬೀಗ ರಬ್ಬಿಗಳದ್ದು, ಬೆಟ್ಟದ ಬಾಗಿಲಲ್ಲೇ ಬೋರ್ಡ್ ಹಾಕಿಸಿದ್ರು, ಧರ್ಮಶಾಸ್ತ್ರದ ಪ್ರಕಾರ ಯಾರೂ ಒಳಗೆ ಹೋಗ್ಬಾರ್ದು ಅಂತ. ಹೆಚ್ಚಿನ ವರದಿಗಳು ಮೊದಲ ಬೀಗದ ಬಗ್ಗೆ ಮಾತ್ರ ಬರೀತವೆ, ಆದ್ರೆ ಅಷ್ಟು ವರ್ಷ ಧಾರ್ಮಿಕ ಯಹೂದಿಗಳ ದೊಡ್ಡ ಗುಂಪನ್ನ ಅಲ್ಲಿಂದ ದೂರ ಇಟ್ಟಿದ್ದು ಪೊಲೀಸರಿಗಿಂತ ಹೆಚ್ಚಾಗಿ ಈ ಮೈಲಿಗೆಯ ಭಯ. ಮುಸ್ಲಿಮರ ಮೇಲಿನ ಗೌರವದಿಂದ ಅಲ್ಲ, ತಮ್ಮದೇ ದೇವಾಲಯದ ಮೇಲಿನ ಭಯಭಕ್ತಿಯಿಂದ. ಅತಿ ಮಡಿವಂತಿಕೆಯೇ ಶಾಂತಿ ಕಾಪಾಡಿದ ಅಪರೂಪದ ಕೇಸು ಇದು. ಕೆಂದ ಕಡಸಿನ ಬೂದಿ ಈ ಎರಡನೇ ಬೀಗದ ಕೀಲಿ, ಅದಕ್ಕೇ ಒಂದು ಹಸುವಿಗೆ ಇಷ್ಟು ಬೆಲೆ.

ಯಾರು ಏನಂತಾರೆ

ಹರೇದಿಗಳು, ಅಂದ್ರೆ ಕಟ್ಟಾ ಸಂಪ್ರದಾಯಸ್ಥರು, ಇದಕ್ಕೆ ವಿರುದ್ಧ. ದೇವಾಲಯ ದೇವರ ಚಿತ್ತದಿಂದ ಮೆಸ್ಸೀಯನ ಕಾಲಕ್ಕೆ ಬರುತ್ತೆ, ಮನುಷ್ಯರು ಜೆಸಿಬಿ ತಗೊಂಡು ಹೋಗೋ ವಿಷಯ ಅಲ್ಲ ಅನ್ನೋದು ಅವರ ನಿಲುವು. ಬೂದಿ ಸಿಕ್ಕಿದ್ರೂ ಅವರ ಆಕ್ಷೇಪ ಮುಗಿಯಲ್ಲ, ಇವತ್ತಿನ ಕೊಹೆನ್‌ಗಳ ವಂಶಾವಳಿಗೆ ದಾಖಲೆ ಎಲ್ಲಿದೆ ಅಂತ ಕೇಳ್ತಾರೆ. 1997ರಲ್ಲಿ ಕೊಹೆನ್‌ಗಳ ಗಂಡು ಸಂತತಿಯ ವೈ ಕ್ರೋಮೋಸೋಮ್‌ನಲ್ಲಿ ಸಾಮ್ಯ ಇದೆ ಅನ್ನೋ ಸಂಶೋಧನೆ ಬಂದಿತ್ತು, ದೊಡ್ಡ ಸುದ್ದಿಯೂ ಆಯ್ತು, ಆದ್ರೆ ಎಲ್ಲ ಕೊಹೆನ್‌ಗಳೂ ಒಂದೇ ಮೂಲಪುರುಷನಿಂದ ಬಂದೋರು ಅಂತ ಅದು ಸಾಬೀತು ಮಾಡಲ್ಲ.

ದೇವಾಲಯದ ಕಾರ್ಯಕರ್ತರು ಧಾರ್ಮಿಕ ರಾಷ್ಟ್ರೀಯವಾದಿಗಳು. ಬಲಿ, ಯಾಜಕತ್ವ ಎಲ್ಲ ದೇವರ ಆಜ್ಞೆ, ಆಜ್ಞೆ ಪಾಲಿಸೋಕೆ ಮೆಸ್ಸೀಯನಿಗೆ ಕಾಯೋದ್ಯಾಕೆ ಅಂತಾರೆ. ಅವರಲ್ಲೇ ಎರಡು ದಾರಿ. ಒಂದು, ಬೆಟ್ಟದ ಎಲ್ಲ ಭಾಗವೂ ಪವಿತ್ರ ಅಲ್ಲ, ರೋಮನ್ನರ ಕಾಲದ ರಾಜ ಹೆರೋದ ಆಮೇಲೆ ವಿಸ್ತರಿಸಿದ ಅಂಚುಗಳಿಗೆ ಶುದ್ಧಸ್ನಾನ ಮಾಡಿ ಹೋಗಬಹುದು ಅನ್ನೋದು, ಈಗ ಹೋಗ್ತಿರೋರೆಲ್ಲ ಈ ವಾದದ ಮೇಲೆ ಹೋಗ್ತಿರೋದು. ಎರಡು, ಬೂದಿ ತಯಾರು ಮಾಡಿ ಪೂರ್ತಿ ಶುದ್ಧರಾಗಿ ಹೋಗೋದು. ಪಸ್ಕದ ಬಲಿಗಂತೂ ಬೂದಿಯೂ ಬೇಡ, ಜನರಲ್ಲಿ ಹೆಚ್ಚಿನೋರು ಮೈಲಿಗೆಯಲ್ಲಿದ್ರೆ ಆ ಬಲಿಯನ್ನ ಹಂಗೇ ಕೊಡಬಹುದು ಅಂತ ಶಾಸ್ತ್ರದಲ್ಲೇ ಇದೆ ಅಂತ ಕೆಲವರು ವಾದಿಸ್ತಾರೆ. ಅದಕ್ಕೇ ಪ್ರತಿವರ್ಷ ಪಸ್ಕದ ಹಿಂದಿನ ದಿನ ಆಡಿನ ಮರಿ ಬಚ್ಚಿಟ್ಕೊಂಡು ಬರೋರನ್ನ ಪೊಲೀಸರು ಹಿಡಿಯೋ ಸುದ್ದಿ ಬರೋದು.

ಪ್ಯಾಲೆಸ್ಟೀನಿಯರಿಗೆ, ಜೋರ್ಡಾನಿಗೆ ಈ ಒಳಜಗಳದ ಸೂಕ್ಷ್ಮ ಮುಖ್ಯ ಅಲ್ಲ. ಅವರು ನೋಡೋದು ದಿಕ್ಕನ್ನ, ಮೊದಲು ನೋಡೋಕೆ ಬಂದ್ರು, ಆಮೇಲೆ ತುಟಿ ಅಲ್ಲಾಡಿಸದೆ ಪ್ರಾರ್ಥನೆ, ಈಗ ಸಚಿವರೇ ಜೋರಾಗಿ ಪ್ರಾರ್ಥನೆ. ಈ ಭಯಕ್ಕೆ ಇತಿಹಾಸವೂ ಇದೆ. 1969ರಲ್ಲಿ ಒಬ್ಬ ಆಸ್ಟ್ರೇಲಿಯಾದ ಕ್ರಿಶ್ಚಿಯನ್ ಅಲ್-ಅಕ್ಸಾಗೆ ಬೆಂಕಿ ಇಟ್ಟ, ಇಸ್ಲಾಮಿಕ್ ದೇಶಗಳ ಸಂಘಟನೆ ಹುಟ್ಟಿದ್ದೇ ಅದರ ಬೆನ್ನಲ್ಲಿ. 1984ರಲ್ಲಿ ಚಿನ್ನದ ಗುಮ್ಮಟ ಸ್ಫೋಟಿಸೋಕೆ ಸಂಚು ಮಾಡಿದ್ದ ಯಹೂದಿ ಗುಂಪೊಂದು ಸಿಕ್ಕಿಬಿತ್ತು. 2000ದಲ್ಲಿ ಏರಿಯಲ್ ಶರೋನ್ ಬೆಟ್ಟಕ್ಕೆ ಹೋಗಿಬಂದ ಮಾರನೇ ದಿನದಿಂದ ಎರಡನೇ ಇಂತಿಫಾದಾ, ಅಂದ್ರೆ ಪ್ಯಾಲೆಸ್ಟೀನಿಯರ ದಂಗೆ, ಹತ್ತಿಕೊಂಡಿತು.

ಟೆಕ್ಸಾಸ್‌ನೋರಿಗೆ ಇದ್ರಲ್ಲಿ ಏನು?

ಇದು ನಿಜಕ್ಕೂ ವಿಚಿತ್ರ. ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರ ಈ ಕಡಸಿನ ಬೂದಿಯನ್ನ ಹೆಸರಿಟ್ಟೇ ಪ್ರಸ್ತಾಪಿಸಿ, ಯೇಸುವಿನ ರಕ್ತ ಅದಕ್ಕಿಂತ ಮೇಲು, ಯೇಸುವೇ ಶಾಶ್ವತ ಮಹಾಯಾಜಕ, ಇನ್ನು ಬಲಿ ಬೇಕಾಗಿಲ್ಲ ಅನ್ನುತ್ತೆ. ಹೆಚ್ಚಿನ ಚರ್ಚುಗಳ ನಂಬಿಕೆ ಇದೇ. ಆದ್ರೆ ಇವ್ಯಾಂಜೆಲಿಕಲ್‌ಗಳಲ್ಲಿ ಒಂದು ಗುಂಪು ಕ್ರಿಸ್ತನ ಎರಡನೇ ಬರುವಿಕೆಗೆ ಮುಂಚೆ ಜೆರುಸಲೇಮಲ್ಲಿ ಮೂರನೇ ದೇವಾಲಯ ಏಳಬೇಕು ಅಂತ ನಂಬುತ್ತೆ. ಅವರ ಕಥೆಯ ಕೊನೆಯಲ್ಲಿ ಯಹೂದಿಗಳು ಕ್ರಿಸ್ತನನ್ನ ಒಪ್ಕೊಳ್ತಾರೆ, ಯಹೂದಿ ಕಾರ್ಯಕರ್ತರ ಕಥೆಯ ಕೊನೆಯಲ್ಲಿ ಹಂಗೇನಿಲ್ಲ. ಇಬ್ಬರೂ ಒಂದೇ ಬಸ್ಸು ಹತ್ತಿದ್ದಾರೆ, ಇಳಿಯೋ ಸ್ಟಾಪ್ ಬೇರೆ, ಸದ್ಯಕ್ಕೆ ಟಿಕೆಟ್ ಹಂಚ್ಕೊಳ್ತಿದ್ದಾರೆ.

ಮುಂದೆ ಏನಾಗಬಹುದು

ನಾಳೆ ಬೆಳಿಗ್ಗೆ ದೇವಾಲಯ ಏಳಲ್ಲ. 1996ರಲ್ಲಿ ಹೈಫಾ ಹತ್ರ ಒಂದು ಕೆಂಪು ಕರು ಹುಟ್ಟಿದಾಗಲೂ ಹೀಗೇ ಗದ್ದಲ ಆಗಿತ್ತು, ಮೆಲಡಿ ಅಂತ ಹೆಸರು, ಕೊನೆಗೆ ಬಾಲದಲ್ಲಿ ಬಿಳಿ ಕೂದಲು ಕಂಡು ಕಥೆ ಮುಗೀತು. ಆದ್ರೆ ಯೋಗ್ಯ ಕಡಸು ಸಿಕ್ಕಿ, ನಿಜವಾಗ್ಲೂ ಸುಟ್ರು ಅಂದ್ಕೊಳ್ಳಿ. ಆಗ ಕಟ್ಟಡಕ್ಕಿಂತ ಮೊದಲು ಬದಲಾಗೋದು ಮನಸ್ಸಿನ ಲೆಕ್ಕ. ಮೈಲಿಗೆ ಅನ್ನೋ ಕಾರಣ ಕೊಟ್ಟು ದೂರ ಇದ್ದ ಮಧ್ಯಮ ಗುಂಪಿನೋರಿಗೆ ಆ ಕಾರಣ ಇರಲ್ಲ, ಬೆಟ್ಟಕ್ಕೆ ಹೋಗೋರ ಸಂಖ್ಯೆ ಏರುತ್ತೆ, ಅಂಚುಗಳಲ್ಲಿ ನಿಲ್ತಿದ್ದೋರು ಗುಮ್ಮಟದ ಹತ್ರಕ್ಕೇ ಹೋಗ್ಬೇಕು ಅಂತಾರೆ, ಅಷ್ಟು ವೋಟು ಇರೋ ಕಡೆ ರಾಜಕಾರಣಿಗಳು ಬಂದೇ ಬರ್ತಾರೆ, ಆಗ ಸರ್ಕಾರದ ಬೀಗದ ಮೇಲೆ ಒತ್ತಡ ಬೀಳುತ್ತೆ. ಆ ಬೀಗ ಸಡಿಲ ಆದ್ರೆ ಜೋರ್ಡಾನಿನ ರಾಜಮನೆತನಕ್ಕೆ ತನ್ನ ದೇಶದಲ್ಲೇ ಮುಖ ತೋರಿಸೋದು ಕಷ್ಟ, 1994ರ ಒಪ್ಪಂದಕ್ಕೇ ಪೆಟ್ಟು ಬೀಳಬಹುದು. ಬೀದಿಯಲ್ಲಿ ಏನಾಗುತ್ತೆ ಅನ್ನೋದಕ್ಕೆ 2000ನೇ ಇಸವಿ ಕಣ್ಣ ಮುಂದೆ ಇದೆ.

ಹಾಗಾಗಿ ಮುಂದಿನ ಸಲ ಕೆಂಪು ಹಸು ವಿಡಿಯೋ ಬಂದ್ರೆ ಹಸುವಿನ ಬಣ್ಣ ನೋಡೋ ಬದಲು ಬೇರೆ ಮೂರು ವಿಷಯ ಹುಡುಕಿ. ಸುಟ್ಟಿದ್ದು ಎಲ್ಲಿ, ಯಾಕಂದ್ರೆ ಶಾಸ್ತ್ರಕ್ಕೆ ಬೇಕಿರೋದು ದೇವಾಲಯದ ಬೆಟ್ಟಕ್ಕೆ ಎದುರಾಗಿರೋ ಆಲಿವ್ ಬೆಟ್ಟ, ಬೇರೆ ಕಡೆ ಸುಟ್ರೆ ಅದು ರಿಹರ್ಸಲ್. ಸುಟ್ಟ ಕೊಹೆನ್ ಯಾರು, ಅವನು ಹೆಣದ ಮೈಲಿಗೆ ಸೋಕದೆ ಬೆಳೆದೋನು ಅಂತ ಯಾರು ಒಪ್ಪಿದ್ರು. ಮತ್ತೆ, ಬೆಟ್ಟದ ಬಾಗಿಲಲ್ಲಿರೋ ಆ ರಬ್ಬಿಗಳ ಬೋರ್ಡು ಇನ್ನೂ ಅಲ್ಲೇ ಇದ್ಯಾ.